ಭಾವನವರ ಹೊಟ್ಟಿನ ಚೀಲ

ನಮ್ಮ ಭಾವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ನಿವೃತ್ತರಾದದ್ದು ಕಾರ್ಖಾನೆಯಿಂದ ಮಾತ್ರ, ಮೇಸ್ತ್ರಿಕೆಯಿಂದಲ್ಲ. ಹಾಲು ಕಾಯುವಾಗಲೂ ಒಲೆಯ ಪಕ್ಕ ನಿಂತು "ಯಾಕೆ ಇಷ್ಟು ಹೊತ್ತು?" ಎಂದು ಹಾಲನ್ನೇ ವಿಚಾರಿಸುತ್ತಾರೆ. ನಿಂತ ಯಂತ್ರ, ಸುಮ್ಮನೆ ಕೂತ ಮನುಷ್ಯ, ಎರಡನ್ನೂ ಕಂಡರೆ ಅವರಿಗೆ ಮೈಯೆಲ್ಲ ಉರಿ.

ಮನೆಯ ಹಿಂದಿನ ಕೋಣೆಯಲ್ಲಿ ಅವರ ಮರಗೆಲಸ. ಅದಕ್ಕೂ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ನಮ್ಮಕ್ಕನಿಗೆ ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬು ಪೇರಿಸಿ ಒರಗಿಕೊಂಡೇ ನಿದ್ದೆ ಮಾಡುತ್ತಾಳೆ. ದಿಂಬು ಜಾರಿದರೆ ನಿದ್ದೆಯೂ ಜಾರಿತು. ಅವಳಿಗಾಗಿಯೇ ಭಾವ ತಲೆಯ ಕಡೆ ಎತ್ತರವಿರುವ ಮಂಚವೊಂದನ್ನು ಮಾಡತೊಡಗಿದ್ದರು. ಮಂಚ ಮುಂದುವರಿದಷ್ಟೂ ಹೊಟ್ಟು ಹಾರುತ್ತಿತ್ತು, ಹೊಟ್ಟು ಹಾರಿದಷ್ಟೂ ಉಬ್ಬಸ ಏರುತ್ತಿತ್ತು.

ಧೂಳು ತಾಗಲೇಬಾರದೆಂದು ಡಾಕ್ಟರು ಹೇಳಿದ ಮೇಲೆ ಧೂಳು ಹೀರುವ ಯಂತ್ರ ಬಂತು. ಗರಗಸದ ಹೊಟ್ಟನ್ನು ಕೊಳವೆಯಲ್ಲಿ ಎಳೆದು ಕೆಳಗಿನ ಪ್ಲಾಸ್ಟಿಕ್ ಚೀಲಕ್ಕೆ ಇಳಿಸುತ್ತದೆ. ಗಾಳಿ ಸೋಸಲು ಮೇಲೊಂದು ಬಟ್ಟೆ ಚೀಲ. ಕೆಳಗಿನದು ತುಂಬುವ ತನಕ ಸ್ವರ್ಗ. ತುಂಬಿದ ಮೇಲೆ ಅದನ್ನು ಬಿಚ್ಚಿ, ಹೊಸ ಚೀಲದ ಬಾಯಿಯನ್ನು ಕಬ್ಬಿಣದ ಬಳೆಯ ಸುತ್ತ ಹಿಡಿದು, ಮೇಲಿಂದ ಉಕ್ಕಿನ ಪಟ್ಟಿ ಬಿಗಿಯಬೇಕು. ಅದಕ್ಕೆ ಮೂರು ಕೈ ಬೇಕು. ದೇವರು ಮೇಸ್ತ್ರಿಗಳಿಗೂ ಎರಡೇ ಕೊಟ್ಟಿದ್ದಾನೆ.

ಮೂರನೆಯ ಕೈಯಾಗಿ ನನಗೆ ಕರೆ ಬಂತು.

"ಗಟ್ಟಿಯಾಗಿ ಹಿಡಿಯಯ್ಯ. ಹೆಣ್ಣು ನೋಡೋಕೆ ಬಂದವನ ಹಾಗೆ ನಾಚಿಕೊಂಡು ಹಿಡೀಬೇಡ."

ನಾನು ಗಟ್ಟಿಯಾಗಿ ಹಿಡಿದ ಕಡೆ ಬಿಟ್ಟು ಉಳಿದೆಲ್ಲ ಕಡೆ ಚೀಲ ಜಾರಿತು. ಮೇಲಿನ ಚೀಲದಲ್ಲಿ ಉಳಿದಿದ್ದ ಧೂಳು ಉದುರಿ ಬಾಗಿಲ ಸಂದಿಯಲ್ಲಿ ಅಡುಗೆಮನೆಗೆ ನುಗ್ಗಿತು. ಆಚೆಯಿಂದ ಅಕ್ಕನ ಕೆಮ್ಮು ಕೇಳಿಸಿತು, ಆಮೇಲೆ ಕೆಮ್ಮಲೂ ಉಸಿರಿಲ್ಲದ ಮೌನ. ಭಾವನ ಮುಖದಲ್ಲಿದ್ದ ಮೇಸ್ತ್ರಿ ಎಲ್ಲೋ ಇಳಿದು ಹೋದ.

ಚೇತರಿಸಿಕೊಂಡ ಅಕ್ಕ ಒಂದು ಬೀಗ ತಂದು ಮಡಿಲಲ್ಲಿಟ್ಟುಕೊಂಡು ಕೂತಳು. "ಇನ್ನೊಂದ್ಸಲ ಧೂಳು ಈಕಡೆ ಬಂದ್ರೆ ಆ ಬಾಗಿಲಿಗೆ ಇದೇ. ಮಂಚ ಅರ್ಧಕ್ಕೇ ನಿಲ್ಲಲಿ."

"ಮಂಚ ನಿನಗೇ ಅಲ್ವೇನೇ?"

"ಅದರ ಮೇಲೆ ಮಲಗೋಕೆ ನಾನಿರಬೇಕಲ್ರೀ."

ಮೇಸ್ತ್ರಿಗಳು ಒದ್ದೆ ಬಟ್ಟೆ ತಂದು ಅಡುಗೆಮನೆಯ ನೆಲ ಒರೆಸಿದರು.

ಅಂದಿನಿಂದ ಭಾವನಿಗೆ ಊಟ ರುಚಿಸಲಿಲ್ಲ. ಚೀಲ ಹಿಡಿಯಲು ಅಯಸ್ಕಾಂತ ಅಂಟಿಸಿದರು, ಬಿತ್ತು. ಸೈಕಲ್ ಟ್ಯೂಬು ಸುತ್ತಿದರು, ಅದು ಚಿಮ್ಮಿ ಅವರ ಕನ್ನಡಕಕ್ಕೇ ಬಡಿಯಿತು. ಕೊನೆಗೆ ಹಗ್ಗದ ಮೇಲಿನ ಒದ್ದೆ ಬಟ್ಟೆಯನ್ನೆಲ್ಲ ನೆಲಕ್ಕೆ ಬಿಟ್ಟು ಕ್ಲಿಪ್ಪುಗಳನ್ನು ಕಿತ್ತು ತಂದರು. ಖಾಲಿ ಚೀಲದ ಬಾಯಿಯನ್ನು ಬಳೆಯ ಸುತ್ತ ಕ್ಲಿಪ್ಪಿನಿಂದ ಕಚ್ಚಿಸಿ, ಪಟ್ಟಿ ಬಿಗಿದು, ಒಂದೊಂದೇ ಕ್ಲಿಪ್ಪು ಎಳೆದರು. ಚೀಲ ಅಲುಗಲಿಲ್ಲ.

"ನಾಳೆಯಿಂದ ನೀನು ಬರಬೇಡ," ಎಂದರು ನನಗೆ, ದೊಡ್ಡದೊಂದು ಕಂಪನಿಯಿಂದ ನನ್ನನ್ನು ವಜಾ ಮಾಡಿದಂತೆ.

ಬಟ್ಟೆ ಎತ್ತಿಕೊಳ್ಳುತ್ತಿದ್ದ ಅಕ್ಕ ಹೊರಗಿನಿಂದಲೇ ಹೇಳಿದಳು: "ಹಾಕೋದು ಕಲಿತ್ರಿ. ಬಿಚ್ಚೋದು? ಯಂತ್ರ ನಿಂತ ಸದ್ದು ಕೇಳೋ ಮೊದಲೇ ಪಟ್ಟಿ ಬಿಚ್ಚಿದ ಸದ್ದು ಕೇಳುತ್ತೆ. ಧೂಳಿಗೆ ಕೂತ್ಕೊಳ್ಳೋಕಾದ್ರೂ ಪುರುಸೊತ್ತು ಕೊಡಿ. ಅದು ನಿಮ್ಮ ಕೈಕೆಳಗಿನ ಆಳಲ್ಲ."

ಮುಂದಿನ ಸಲ ಚೀಲ ತುಂಬಿದಾಗ ಭಾವ ಯಂತ್ರ ನಿಲ್ಲಿಸಿ, ಮೇಲಿನ ಬಟ್ಟೆ ಚೀಲವನ್ನು ಮೆಲ್ಲಗೆ ತಟ್ಟಿ, ಬಕೆಟ್ ಬೋರಲು ಹಾಕಿ ಕೂತರು. ಸುಮ್ಮನೆ ಕೂತರು. ಜನ್ಮದಲ್ಲಿ ಮೊದಲ ಬಾರಿ ಇರಬೇಕು. ಕೈಗಳನ್ನು ಎಲ್ಲಿಡಬೇಕೆಂದೂ ಗೊತ್ತಾಗದೆ ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರು. ಧೂಳೆಲ್ಲ ಕೂತ ಮೇಲೆ ಅವರು ಎದ್ದರು. ಹಳೆಯದು ಬಿಚ್ಚಿತು, ಕ್ಲಿಪ್ಪು ಕಚ್ಚಿತು, ಪಟ್ಟಿ ಬಿಗಿಯಿತು. ಒಂದು ಕಣವೂ ಹಾರಲಿಲ್ಲ. ವಜಾಗೊಂಡ ನಾನು ನೋಡಲೆಂದು ಬಂದಿದ್ದೆ.

ಭಾವ ಅಡುಗೆಮನೆಯ ಕಪ್ಪು ಕಲ್ಲಿನ ಮೇಲೆ ಬೆರಳೆಳೆದು ಅಕ್ಕನಿಗೆ ತೋರಿಸಿದರು. ಬೆರಳು ಸ್ವಚ್ಛ.

"ಚೀಲ ಬದಲಾಯಿಸಿದ್ದು ಗೊತ್ತಾಯ್ತೇನೇ?"

"ಇಲ್ಲ ಕಣ್ರೀ." ಅಕ್ಕ ನಕ್ಕು ಬೀಗವನ್ನು ಅವರ ಕೈಗಿಟ್ಟಳು. "ಗೆದ್ರಿ, ತಗೊಳ್ಳಿ."

ಅಷ್ಟು ಹೇಳುವುದರಲ್ಲೇ ಕೆಮ್ಮು ಬಂತು. ಅದೇ ಕೆಮ್ಮು, ಅದೇ ಸೀಟಿ ಹೊಡೆಯುವ ಎದೆ, ಕಿಟಕಿಯ ಸರಳು ಹಿಡಿದು ಗಾಳಿಗಾಗಿ ತೆರೆದ ಅದೇ ಬಾಯಿ.

ಭಾವ ಅವಳ ಬೆನ್ನು ನೀವಿದರು. ಉಸಿರು ಮರಳಿದ ಮೇಲೆ ಕಲ್ಲನ್ನು ಮತ್ತೊಮ್ಮೆ ಬೆರಳಿನಿಂದ ಒರೆಸಿ ನೋಡಿದರು. ಕಿಟಕಿಯ ಚೌಕಟ್ಟು ನೋಡಿದರು, ಕುರ್ಚಿ ಹತ್ತಿ ಗಡಿಯಾರದ ನೆತ್ತಿಯನ್ನೂ ನೋಡಿದರು. ಎಲ್ಲಾದರೂ ಒಂದು ಚಿಟಿಕೆ ಹೊಟ್ಟು ಸಿಕ್ಕಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಈಗ ಬೈಯೋಣವೆಂದರೆ ಚೀಲವೂ ಇಲ್ಲ.

ಬೀಗವನ್ನು ಅವಳ ಮಡಿಲಿಗೇ ಹಿಂದಿರುಗಿಸಿದರು. "ಇಟ್ಕೊಂಡಿರು. ಮಂಚ ಮುಗಿದ ಮೇಲೆ ನೀನೇ ಹಾಕುವಿಯಂತೆ."

ನನ್ನನ್ನೂ ಕರೆದುಕೊಂಡು ಕೋಣೆಗೆ ಹೋಗಿ ಬಾಗಿಲು ಮುಚ್ಚಿದರು. "ತಲೆ ಕಡೆ ಇನ್ನೂ ನಾಲ್ಕು ಬೆರಳು ಎತ್ತರ ಬೇಕು ಕಣಯ್ಯ," ಎಂದರು ನನ್ನ ಮುಖ ನೋಡದೆ. "ಆ ತುದಿ ಹಿಡ್ಕೋ."

ಹಿಡಿದುಕೊಂಡೆ. ಗರಗಸವೂ ಯಂತ್ರವೂ ಒಟ್ಟಿಗೆ ಅಬ್ಬರಿಸಿದವು. ಆ ಸದ್ದಿನಲ್ಲಿ ಅಡುಗೆಮನೆಯ ಕೆಮ್ಮು ಕೇಳಿಸುತ್ತಿರಲಿಲ್ಲ. ಹಲಗೆ ಕೊಯ್ದು ಮುಗಿದ ಮೇಲೂ ಭಾವ ಯಂತ್ರ ನಿಲ್ಲಿಸಲಿಲ್ಲ.