ತಲೆ-ಕಾಲು ಇಮಾಮ್ ಬೀಯ ಬಲಗೈ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ ಇಮಾಮ್ ಬೀಯನ್ನು ಹುಡುಕಲು ವಿಳಾಸ ಬೇಡ, ಮೂಗು ಸಾಕು. ಕೂದಲು ಸುಟ್ಟ ವಾಸನೆ ಎಲ್ಲಿ ದಟ್ಟವಾಗುತ್ತದೋ ಅಲ್ಲಿ ಆಕೆ ಇರುತ್ತಾಳೆ. ಆಡು ಕುರಿಗಳ ತಲೆ-ಕಾಲು ಸುಟ್ಟು, ಕೆರೆದು, ತುಂಡು ಮಾಡಿ ಕೊಡುವುದು ಆಕೆಯ ಕಸುಬು. ಗಂಡ ತೀರಿಕೊಂಡಾಗ ಮಗ ಮೊಹ್ಸಿನ್‌ಗೆ ನಾಲ್ಕು ವರ್ಷ. ಅಂದು ಗಂಡಸರ ನಡುವೆ ಅಲ್ಲಿನ ಅಂಗಡಿ ಕಟ್ಟೆ ಹತ್ತಿ ಕೂತವಳು ಮೂವತ್ತೊಂದು ವರ್ಷ ಯಾರಿಗೂ ಜಾಗ ಬಿಟ್ಟುಕೊಟ್ಟಿಲ್ಲ. "ಹೆಂಗಸಿಗೆ ಯಾಕಮ್ಮ ಕತ್ತಿ?" ಎಂದು ಮೂಗು ಮುರಿದವರೆಲ್ಲ ಈಗ ಆಕೆಯ ಗಿರಾಕಿಗಳು. ತನ್ನ ಕೈ ಬಗ್ಗೆ ಆಕೆಗೆ ಜಂಬ ಸ್ವಲ್ಪ ಜಾಸ್ತಿಯೇ. ಇರಲಿ ಬಿಡಿ, ದುಡಿದು ತಿಂದ ಕೈಗೆ ಅಷ್ಟಾದರೂ ಜಂಬ ಬೇಡವೇ?

ಈ ವರ್ಷ ಬಕ್ರೀದಿನ ಮೂರು ದಿನ ಊರೆಲ್ಲ ಕುರ್ಬಾನಿಯ ತಲೆ-ಕಾಲು ತಂದು ಆಕೆಯ ಮುಂದೆ ಸುರಿಯಿತು. ನೆಲಕ್ಕೆ ಬೆನ್ನು ಹಾಕಲು ಪುರುಸೊತ್ತಿರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಊಟ ಮಾಡಿ, ಮೈಕೈ ನೋವಿಗೆಂದು ಎರಡು ಮಾತ್ರೆ ನುಂಗಿ ಚಾಪೆಯ ಮೇಲೆ ಬಿದ್ದವಳಿಗೆ ಎಚ್ಚರವಾದದ್ದು ಸಂಜೆಯ ಆಜಾನ್ ಕೇಳಿದಾಗ. ಚಹಾದ ಲೋಟ ಹಿಡಿಯಲು ಹೋದರೆ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಎತ್ತಲು ನೋಡಿದಳು, ಏಳಲಿಲ್ಲ. ಬೈದಳು, ಆಗಲೂ ಏಳಲಿಲ್ಲ.

"ಲಕ್ವಾ!" ಎಂದು ಮನೆಯಲ್ಲಿ ಗೋಳು ಶುರುವಾಯಿತು. ಪಕ್ಕದ ಮನೆಯ ಗೋವಿಂದಮ್ಮ ಓಡಿಬಂದು, "ಪಾರಿವಾಳದ ರಕ್ತ ಹಚ್ಚಿ ತಿಕ್ಕಿ, ಬಿಟ್ಟುಹೋಗುತ್ತೆ" ಎಂದಳು.

"ನನ್ನ ಕೈ ಬಿದ್ರೆ ಪಾರಿವಾಳ ಯಾಕೆ ಸಾಯ್ಬೇಕು?" ಎಂದಳು ಇಮಾಮ್ ಬೀ.

ಆಸ್ಪತ್ರೆಯ ಡಾಕ್ಟರು ಆಕೆಯನ್ನು ನಗಿಸಿ ಬಾಯಿ ನೋಡಿದರು, ನಡೆಸಿ ಕಾಲು ನೋಡಿದರು. ಲಕ್ವಾ ಅಲ್ಲ, ತೋಳಿನಲ್ಲಿ ನರ ಒತ್ತಿಹೋಗಿದೆ ಎಂದು ಹೇಳಿ ಹಲಸೂರಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರೆದುಕೊಟ್ಟರು. ಮೊಹ್ಸಿನ್‌ಗೆ ನಂಬಿಕೆ ಬರಲಿಲ್ಲ. ಅವನ ಮಾವನಿಗೂ ಹೀಗೇ ಮೊದಲು ಕೈ ಬಿದ್ದು, ತಿಂಗಳೊಳಗೆ ಮಾತೂ ಹೋಗಿತ್ತು. "ಬಿದ್ದಿಲ್ಲ, ಏಟು ತಿಂದಿಲ್ಲ. ಸುಮ್ನೆ ನರ ಒತ್ತುತ್ತಾ? ಕಟ್ಟೆ ಬಿಟ್ಬಿಡಮ್ಮಾ. ಬೆಂಕಿ ಮುಂದೆ ಬಿದ್ರೆ ಏನ್ಗತಿ?" ಎಂದ. ಇಮಾಮ್ ಬೀಗೆ ಕೈ ಬಿದ್ದದ್ದಕ್ಕಿಂತ ಈ ಮಾತು ಹೆಚ್ಚು ನೋವು ಕೊಟ್ಟಿತು. ಕಟ್ಟೆ ಬಿಟ್ಟ ಇಮಾಮ್ ಬೀ ಎಂದರೆ ಯಾರು? ಆಕೆಗೇ ಗೊತ್ತಿರಲಿಲ್ಲ.

ಯಾರ ಮಾತನ್ನೂ ಪರೀಕ್ಷೆ ಮಾಡದೆ ಒಪ್ಪುವವಳಲ್ಲ ಆಕೆ. ಒಂದು ಆಡಿನ ಕಾಲು ತರಿಸಿಕೊಂಡು ಎಡಗೈಯಲ್ಲಿ ಚರ್ಮ ಬಿಡಿಸಿದಳು. ಮುಂದಿನ ಬಿಳಿ ದಾರ ಎಳೆದರೆ ಗೊರಸು ಮೇಲಕ್ಕೆ ಏಳುತ್ತದೆ, ಹಿಂದಿನದನ್ನು ಎಳೆದರೆ ಮಡಚುತ್ತದೆ. ಸಾವಿರಾರು ಕಾಲು ಕಡಿದವಳಿಗೆ ಇದು ಹೊಸದಲ್ಲ. ಹಾಗಾದರೆ ತನ್ನ ಕೈಯ ಮೇಲ್ಬದಿಯ ದಾರ ಸಡಿಲವಾಗಿದೆ ಎಂದು ತೀರ್ಮಾನಿಸಿ, ಮುಂಗೈಗೆ ಹಳೆಯ ದುಪಟ್ಟಾ ಹರಿದು ಬಿಗಿಯಾಗಿ ಸುತ್ತಿದಳು. ಮೂರು ದಿನ ಸುತ್ತಿಕೊಂಡದ್ದಕ್ಕೆ ಬೆರಳು ಊದಿದ್ದೇ ಬಂತು.

ಕ್ಲಿನಿಕ್ಕಿನ ಪ್ರತಿಭಾ ಬಾಗಲಕೋಟೆ ಕಡೆಯ ಹುಡುಗಿ. ದುಪಟ್ಟಾ ಬಿಚ್ಚುತ್ತಾ ಇಡೀ ಕಥೆ ಕೇಳಿ ನಕ್ಕಳು. "ಅಮ್ಮಾರ, ಅರ್ಧ ಖರೇ ಹೇಳಿದ್ರಿ. ದಾರ ಗಟ್ಟಿ ಐತಿ. ದಾರ ಎಳಿಯೂ ಮಾಂಸಾನೂ ಗಟ್ಟಿ ಐತಿ. ಎಳಿ ಅನ್ನೂ ಹುಕುಂ ಬರವಲ್ದು, ಅಷ್ಟ."

ಆಮೇಲೆ ಆಕೆಯ ಮಣಿಕಟ್ಟನ್ನು ಕೆಳಗಿನಿಂದ ಎತ್ತಿಹಿಡಿದು, "ಈಗ ನನ್ನ ಬೆರಳು ಹಿಚುಕ್ರಿ" ಎಂದಳು. ಇಮಾಮ್ ಬೀ ಹಿಚುಕಿದಳು. ಪ್ರತಿಭಾ "ಅಯ್ಯಯ್ಯ, ಬಿಡ್ರಿ!" ಎಂದು ಕಿರುಚಿದಳು. ಹತ್ತು ದಿನದಲ್ಲಿ ಇಮಾಮ್ ಬೀ ಮನಸಾರೆ ನಕ್ಕದ್ದು ಅಂದೇ.

ಹುಕುಂ ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಪ್ರತಿಭಾ ತಾಳ್ಮೆಯಿಂದ ಹೇಳಿದಳು. ಮಿದುಳು ಹೇಳುತ್ತದೆ, ಬೆನ್ನುಹುರಿ ಇಳಿಸುತ್ತದೆ, ಅಲ್ಲಿಂದ ನರಗಳು ಕವಲೊಡೆದು ಒಂದೊಂದು ಮಾಂಸಖಂಡಕ್ಕೂ ತಲುಪಿಸುತ್ತವೆ. ಹುಕುಂ ತಲುಪಿದ ಕೂಡಲೇ ಖಂಡದೊಳಗಿನ ಸಣ್ಣ ದಪ್ಪ ಎಳೆಗಳು, ಎರಡು ಕೈಯ ಬೆರಳನ್ನು ಒಂದರೊಳಗೊಂದು ತೂರಿಸಿದ ಹಾಗೆ, ಹಿಡಿದು ಜಗ್ಗಿ ಒಳಕ್ಕೆ ಸರಿಯುತ್ತವೆ. ಖಂಡ ಗಿಡ್ಡವಾಗುತ್ತದೆ, ದಾರ ಎಳೆಯುತ್ತದೆ. ಹಿಡಿತ ಬಿಡಿಸಿಕೊಳ್ಳಲಿಕ್ಕೂ ಮೈಯ ಶಕ್ತಿ ಖರ್ಚಾಗುತ್ತದೆ.

"ಅದಕ್ಕೇನಾ ಕಡಿದ ಕಾಲು ಸ್ವಲ್ಪ ಹೊತ್ತಿಗೆ ಮರದ ಥರ ಬಿರುಸಾಗೋದು?" ಎಂದಳು ಇಮಾಮ್ ಬೀ.

ಪ್ರತಿಭಾ ಕಣ್ಣರಳಿಸಿದಳು. "ಹೌದ್ರಿ! ಸತ್ತ ಮ್ಯಾಲ ಶಕ್ತಿ ಇರಂಗಿಲ್ಲ, ಹಿಡಿದದ್ದು ಬಿಡಂಗಿಲ್ಲ. ಇದನ್ನ ನಾ ಪರೀಕ್ಷಾಕ್ಕ ಬಾಯಿಪಾಠ ಮಾಡಿದ್ದೆ."

"ನಾನು ಕಟ್ಟೆ ಮೇಲೆ ನೋಡಿದ್ದೆ. ಹಂಗಾದ್ರೆ ಇಡೀ ಶಿವಾಜಿನಗರ ಬಂದ್ ಆಗಿಲ್ಲ, ನನ್ನ ಒಂದು ಗಲ್ಲಿ ಬಂದ್ ಆಗಿದೆ ಅನ್ನು."

"ಅಷ್ಟ. ಆದ್ರ ಹೆಂಗ ಬಂದ್ ಆತು? ಅವತ್ತು ಹೆಂಗ ಮಲಗಿದ್ರಿ?"

ಇಮಾಮ್ ಬೀ ನೆನಪು ಮಾಡಿಕೊಂಡು ಹೇಳಿದಳು. ಅವತ್ತು ಆರು ವರ್ಷದ ಮೊಮ್ಮಗಳು ನೌರೀನ್ ಬಂದು ಆಕೆಯ ಬಲತೋಳಿನ ಮೇಲೆ ತಲೆಯಿಟ್ಟು ಮಲಗಿತ್ತು. ನಾಲ್ಕು ಗಂಟೆ ಅಜ್ಜಿಯೂ ಕದಲಲಿಲ್ಲ, ಮಗುವೂ ಕದಲಲಿಲ್ಲ. ಪ್ರತಿಭಾ ಅದೇ ಕಾರಣ ಎಂದಳು. ನರ ಅಲ್ಲಿ ಎಲುಬಿಗೆ ಅಂಟಿಕೊಂಡೇ ಹೋಗುತ್ತದಂತೆ. ಬೇರೆ ದಿನವಾದರೆ ಕೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಅಂದು ದಣಿವು, ಮಾತ್ರೆ ಎರಡೂ ಸೇರಿ ಏಳಲು ಬಿಡಲಿಲ್ಲ.

"ನನ್ನ ಮಗನಿಗೆ ಹೇಳ್ಬೇಡಮ್ಮ" ಎಂದಳು ಇಮಾಮ್ ಬೀ. "ಮಗು ಮೇಲೆ ಮಾತು ಬರುತ್ತೆ. ಅಜ್ಜಿ ಕೈ ಬೀಳಿಸಿದೋಳು ಅಂತ ಸಾಯೋತನಕ ಅಂತಾರೆ."

ಹಾಗೆ ಮಗುವನ್ನು ಉಳಿಸಲು ಹೋಗಿ ತನ್ನ ಕಟ್ಟೆಯನ್ನೇ ಪಣಕ್ಕಿಟ್ಟಳು. ಮೊಹ್ಸಿನ್ ಕಾರಣ ಕೇಳಿದಾಗಲೆಲ್ಲ "ಅಲ್ಲಾಹನಿಗೆ ಗೊತ್ತು" ಎಂದಳು. ಕಾರಣವಿಲ್ಲದ ರೋಗ ಲಕ್ವಾ ಅಲ್ಲದೆ ಇನ್ನೇನು ಎಂದು ಅವನ ಅನುಮಾನ ಗಟ್ಟಿಯಾಯಿತು. ಆಕೆ ಮಾತ್ರ ದಿನವೂ ಕೈಗೆ ಪಟ್ಟಿ ಕಟ್ಟಿಕೊಂಡು, ಹೇಳಿದ ವ್ಯಾಯಾಮ ಮಾಡಿ, ಆಟೋ ಹತ್ತಿ ಹಲಸೂರಿಗೆ ಹೋದಳು. ಆರನೆಯ ವಾರ ಮುಂಗೈಯ ಮಾಂಸ ಒಮ್ಮೆ ಮಿಡುಕಿತು. ಮಣಿಕಟ್ಟು ಏಳಲಿಲ್ಲ. "ಹುಕುಂ ಬಂತ್ರಿ, ಬಂತು" ಎಂದು ಪ್ರತಿಭಾ ಕುಣಿದಳು. ಇಮಾಮ್ ಬೀ ಮನೆಯಲ್ಲಿ ಈ ಸುದ್ದಿ ಹೇಳಲಿಲ್ಲ. ಮಿಡುಕಿದ್ದನ್ನು ಮಗ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎತ್ತಿ ತೋರಿಸಬೇಕು.

ಅದಾಗಿ ಮೂರು ವಾರಕ್ಕೆ, ಒಂದು ಸೋಮವಾರ ಬೆಳಿಗ್ಗೆ ಮೊಹ್ಸಿನ್ ಹೇಳದೆ ಕೇಳದೆ ಮಾರುಕಟ್ಟೆಗೆ ಹೋದನೆಂದು ಗೋವಿಂದಮ್ಮ ಸುದ್ದಿ ಕೊಟ್ಟಳು. ಇಮಾಮ್ ಬೀ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಹೋಗಿ ನೋಡಿದರೆ ಪಕ್ಕದ ಕೋಳಿ ಅಂಗಡಿಯ ಮುನಿರಾಜು ತನ್ನ ಪಂಜರವನ್ನು ಆಕೆಯ ಕಟ್ಟೆಗೆ ಏರಿಸುತ್ತಿದ್ದ. ಇನ್ನೊಂದು ಕಡೆಯಿಂದ ಮೊಹ್ಸಿನ್ ಪಂಜರ ಹಿಡಿದಿದ್ದ, ಕಟ್ಟೆಯನ್ನು ಮುನಿರಾಜುವಿಗೆ ಬಿಟ್ಟುಕೊಟ್ಟಾಗಿತ್ತು.

"ನಿಲ್ಲಪ್ಪ ಮುನಿರಾಜು!"

ಕೂಗಿದ ರಭಸಕ್ಕೆ ಬಲತೋಳು ಮುಂದಕ್ಕೆ ಚಾಚಿತು. ಮಣಿಕಟ್ಟು ನಡುಗಿತು, ತಡವರಿಸಿತು, ಆಮೇಲೆ ಎದ್ದಿತು. ಐದೂ ಬೆರಳು ಬಿಡಿಸಿಕೊಂಡು ಅಂಗೈ ಅವರಿಬ್ಬರ ಎದುರು ನೆಟ್ಟಗೆ ನಿಂತಿತು. ಕೂಗಿದವಳೇ ಅದನ್ನು ನೋಡಿ ಬೆರಗಾದಳು.

ಮುನಿರಾಜು ಪಂಜರ ಕೆಳಗಿಟ್ಟ. ಮೊಹ್ಸಿನ್ ತಾಯಿಯ ಅಂಗೈ ನೋಡಿದ, ಮುಖ ನೋಡಿದ, ಮತ್ತೆ ಅಂಗೈ ನೋಡಿದ. ಮೂವತ್ತೈದು ವರ್ಷದ ಗಂಡಸು ಮಾರುಕಟ್ಟೆಯ ನಡುವೆ ಮಗುವಿನ ಹಾಗೆ ಅಳತೊಡಗಿದ. "ನಿನ್ನೂ ಕಳ್ಕೊಂಡ್ಬಿಡ್ತೀನಿ ಅಂತ ಭಯ ಆಗಿತ್ತಮ್ಮಾ" ಎಂದ.

ಇಮಾಮ್ ಬೀ ಅವನ ಹತ್ತಿರ ಬಂದಳು. ಎತ್ತಿದ ಕೈಯನ್ನು ಇಳಿಸದೆ ಹಾಗೇ ಅವನ ತಲೆಯ ಮೇಲಿಟ್ಟಳು.

"ಸಾಕು, ಅಳ್ಬೇಡ. ಬೆಂಕಿ ಹಚ್ಚು, ಗಿರಾಕಿ ಬರೋ ಹೊತ್ತಾಯ್ತು."