ಕುಂಕುಮ ಕಟ್ಟಿದ್ದ ಕೋವಿ

ಪೊಲೀಸ್ ಇಲಾಖೆಯಲ್ಲಿ ಆರ್ಮರರ್, ಅಂದರೆ ಬಂದೂಕು ದುರಸ್ತಿಯವನಾಗಿ ನಿವೃತ್ತನಾದ ಮೇಲೆ ಯಶವಂತಪುರದಲ್ಲಿ ಸ್ನೇಹಿತರೊಬ್ಬರ ಲೈಸೆನ್ಸ್ ಇರುವ ರಿಪೇರಿ ಅಂಗಡಿಗೆ ಹೋಗುತ್ತಿದ್ದೆ. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಹೋದವನಿಗೆ ಅಲ್ಲಿಯೂ ಬೇಗ ಸಾಕಾಗಿಹೋಯಿತು. ಬರುವವರೆಲ್ಲರದೂ ಒಂದೇ ಮಾತು: 'ಕೋವಿ ಸರಿ ಇದೆ, ಹಾರ್ತಾ ಇಲ್ಲ ಅಷ್ಟೇ.'

ದಸರಾ ಕಳೆದು ತಿಂಗಳಾಗಿತ್ತು. ಕೊಡಿಗೇಹಳ್ಳಿಯ ಮುನಿರಾಜಪ್ಪ, ಹೆಂಡತಿ ಜಯಮ್ಮನ ಜೊತೆ ಕಾರಿನಲ್ಲಿ ಬಂದರು. ಹಳೆ ಸೀರೆಯಲ್ಲಿ ಸುತ್ತಿದ್ದದ್ದು ಮೂತಿಯಿಂದ ಮದ್ದು ತುಂಬುವ ಅಜ್ಜನ ಕಾಲದ ಕೋವಿ. ಹಂದಿ ಓಡಿಸಲು ಕೊಟ್ಟ ಲೈಸೆನ್ಸು. ಹೊಲ ಹೋಗಿ ಅಪಾರ್ಟ್‌ಮೆಂಟ್ ಬಂದಿದೆ, ಹಂದಿಯೂ ಇಲ್ಲ. ಆಯುಧ ಪೂಜೆಗೆ ಆಕಾಶಕ್ಕೆ ಒಂದು ಗುಂಡು ಹಾರಿಸುವ ಪದ್ಧತಿ ಮಾತ್ರ ಉಳಿದಿದೆ.

"ಈ ಸಲ ಕೇಪು ಟಪ್ ಅಂತು, ಕೋವಿ ಆರ್ಲಿಲ್ಲ. ಎಲ್ಲಾ ಇವಳು ಪೂಜೇಲಿ ಬಳಿಯೋ ಕುಂಕುಮದ್ದೇ ಕಿತಾಪತಿ" ಎಂದರು ಮುನಿರಾಜಪ್ಪ. ಜಯಮ್ಮ ತಲೆ ತಗ್ಗಿಸಿದರು.

ಕೋವಿಗೆ ಸುತ್ತಿದ್ದ ಸೀರೆ ಬಿಚ್ಚಿದೆ. ಹ್ಯಾಮರ್ ಬಡಿದರೆ ಕಿಡಿ ಹಾರಿಸುವ ಪುಟ್ಟ ಲೋಹದ ಟೊಪ್ಪಿ, ಹೊಸ ಕೇಪು, ಜಾಗದಲ್ಲೇ ಕೂತಿತ್ತು. ಮೊದಲು ಅದನ್ನು ಕಿತ್ತು ದೂರ ಇಟ್ಟೆ. ಹ್ಯಾಮರ್ ಹಿಡಿದಿಡುವ ಟ್ರಿಗರ್‌ನ ಹಲ್ಲು ಸವೆದಿತ್ತು. ನಾನು ಎತ್ತಿ ನೋಡಿದ ಹ್ಯಾಮರ್, ಟ್ರಿಗರ್‌ಗೆ ಬೆರಳು ಮುಟ್ಟದೆಯೇ ಜಾರಿ ಬಿತ್ತು. ಕೇಪಿನ ಕಿಡಿ ಒಳಗೆ ಹೋಗುವ ಸಣ್ಣ ರಂಧ್ರದಲ್ಲಿ ವರ್ಷಗಳ ಕುಂಕುಮ, ಎಣ್ಣೆ ಕಲ್ಲಿನಂತೆ ಗಟ್ಟಿಯಾಗಿತ್ತು. ನಳಿಕೆಗೆ ಸರಳು ಬಿಟ್ಟರೆ ತಳ ಮುಟ್ಟಲು ನಾಲ್ಕು ಬೆರಳು ಬಾಕಿ ಇರುವಾಗಲೇ ನಿಂತಿತು.

"ಒಳಗೆ ಮದ್ದು ಇದೆಯಲ್ಲ?"

"ಐತೆ. ಕಮ್ಮಿ ಆಯ್ತೇನೋ ಅಂತ ಇನ್ನೊಂದ್ಸಲ ತುಂಬ್ದೆ. ಅದೂ ಆರ್ಲಿಲ್ಲ. ಆಮೇಲೆ ನೋಡೋಣ ಅಂತ ಕೇಪ್ ಹಾಕಿ ದೇವ್ರ ಮನೇಲಿಟ್ಟೆ. ಆ ಮದ್ದು ಸತ್ತೋಗೈತೆ ಬಿಡಿ."

ನನಗೆ ಬಯ್ಯುವಷ್ಟು ಚೈತನ್ಯವೂ ಇರಲಿಲ್ಲ. ಎರಡು ಸಲ ತುಂಬಿದ್ದ ಮದ್ದನ್ನು ಜೋಪಾನವಾಗಿ ಹೊರತೆಗೆದೆ. ಚಿಟಿಕೆಯಷ್ಟನ್ನು ಹಿತ್ತಲ ಕಲ್ಲಿನ ಮೇಲಿಟ್ಟು ಉದ್ದದ ಕಡ್ಡಿಯಿಂದ ಬೆಂಕಿ ತಾಗಿಸಿದೆ. ಭಗ್ಗೆಂದು ಉರಿಯಿತು.

ಜಯಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತರು. "ನಾನು ಶುಕ್ರವಾರ ಶುಕ್ರವಾರ ಬಗ್ಗಿ ಇದರ ಮೂತಿಗೆ ಊವ ಇಡ್ತೀನಲ್ಲಾ" ಎಂದರು.

ದೇವರ ಮನೆಯ ಗೋಡೆಗೆ ಒರಗಿಸಿದ ಕೋವಿ ಸ್ವಲ್ಪ ಜಾರಿದ್ದರೆ ಸಾಕಿತ್ತು. ಹ್ಯಾಮರ್ ಕೇಪಿಗೆ ಬಡಿದೇ ಬಡಿಯುತ್ತಿತ್ತು. ಅವರ ಮುಖಕ್ಕೂ ಆ ಮದ್ದಿಗೂ ನಡುವೆ ಇದ್ದದ್ದು ಅವರೇ ಇಟ್ಟ ಕುಂಕುಮ ಮಾತ್ರ. ಅದನ್ನು ನಾನು ಹೇಳಬೇಕಾಗಲಿಲ್ಲ. ಮುನಿರಾಜಪ್ಪ ಹೋಗಿ ಹೆಂಡತಿಯ ಪಕ್ಕ ಕೂತರು.

ಟ್ರಿಗರ್‌ಗೆ ಹೊಸ ಹಲ್ಲು ಕೂರಿಸಿ, ರಂಧ್ರ ಬಿಡಿಸಲು ಸೂಜಿ ತೆಗೆದುಕೊಂಡೆ. ಬಂದಾಗಿನಿಂದ ಹೆಂಡತಿಯನ್ನು ದೂರುತ್ತಿದ್ದ ಮನುಷ್ಯ ನನ್ನ ಕೈ ಹಿಡಿದರು.

"ಆ ಕುಂಕುಮ ತೆಗೀಬ್ಯಾಡಿ ಸಾರ್. ಅಂಗೇ ಇರ್ಲಿ."

"ತೆಗೀಲೇಬೇಕು ಯಜಮಾನ್ರೇ" ಎಂದೆ. "ಹಾರದ ಕೋವೀನ ನೀವು ಖಾಲಿ ಅಂದ್ಕೋತೀರಿ."

ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದಿಷ್ಟೇ. ರಂಧ್ರ ಬಿಡಿಸಿ, ನಳಿಕೆ ಖಾಲಿ ಎಂದು ಸರಳು ಬಿಟ್ಟು ಇಬ್ಬರಿಗೂ ತೋರಿಸಿದೆ. ಕೆರೆದು ತೆಗೆದ ಕುಂಕುಮವನ್ನು ಮುನಿರಾಜಪ್ಪ ಕರ್ಚೀಫಿನಲ್ಲಿ ಕಟ್ಟಿಕೊಂಡರು. ಕೋವಿಯನ್ನು ನಾನೇ ನೆನಪಿಸಿ ಕೊಡಬೇಕಾಯಿತು.