ಕೊಡದ ಮುಂದಿನ ಬಡಿಗೆ

ನನ್ನ ಎಡಗಾಲಿನ ಮೇಲೆ ಒಂದು ಸುಟ್ಟ ಕಲೆ ಇದೆ. ಅದು ನನ್ನ ಮಗಳ ಹೊಟ್ಟೆಯ ಮೇಲೆ ಬೀಳಬೇಕಾಗಿತ್ತು.

ಗಂಡನ ಮನೆ ಸಾವಳಗಿ. ಬೀಳಗಿ ಕಡೆಯಿಂದ ಬಂದ ನಾನು ಬಾಯಿ ಜೋರಿನವಳೆಂದು ಮೊದಲ ವರ್ಷವೇ ಹೆಸರು ಮಾಡಿದ್ದೆ. ಅತ್ತೆ ನನಗಿಂತ ಜೋರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ; ನಮ್ಮ ಮನೆಯಲ್ಲಿ ಇಬ್ಬರ ಕಾಲವೂ ಒಂದೇ ಸಲ ಬಂದಿತ್ತು.

ಮಗಳಿಗೆ ಆಗ ಒಂದೂವರೆ ವರ್ಷ. ಯುಗಾದಿ ಮುಗಿದು ಬಿಸಿಲು ಏರಿತ್ತು. ಕೋಳಿಗಳು ಚಕ್ಕಡಿಯ ಕೆಳಗೆ ಬಾಯಿ ತೆರೆದು ಬಿದ್ದಿರುತ್ತಿದ್ದವು. ಒಂದು ಮುಂಜಾನೆ ಕೂಸಿಗೆ ವಾಂತಿ ಭೇದಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದು ನಾಲಿಗೆ ಒಣಗಿತ್ತು. ಅತ್ತರೆ ದನಿ ಬರುತ್ತಿತ್ತೇ ಹೊರತು ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಬಾಣಂತನದಲ್ಲಿ ನೋಡಲು ಬರುತ್ತಿದ್ದ ನರ್ಸಬಾಯಿ ಹೇಳಿದ್ದು ನೆನಪಿತ್ತು: ಹೊರಗೆ ಹೋದಷ್ಟು ನೀರು ಒಳಗೆ ಹೋಗಬೇಕು, ಅಳುವ ಕೂಸಿಗೆ ಕಣ್ಣೀರು ಬರಲಿಲ್ಲವೆಂದರೆ ತಡ ಮಾಡಬಾರದು.

ಆ ಮನೆಯ ಪದ್ಧತಿಯೇ ಬೇರೆ. ಬೇಸಿಗೆಯಲ್ಲಿ ಮಕ್ಕಳ ಹೊಟ್ಟೆ ಕೆಟ್ಟರೆ ನೀರು ಬಂದ್. ಕುಡಿಸಿದರೆ ಮತ್ತಷ್ಟು ಹೋಗುತ್ತದೆ ಎಂಬ ನಂಬಿಕೆ. ಅದಕ್ಕೂ ನಿಲ್ಲದಿದ್ದರೆ ಚುಟಿಗೆ: ಕುಡಗೋಲಿನ ತುದಿಯನ್ನು ಕೆಂಪಗೆ ಕಾಯಿಸಿ ಹೊಕ್ಕುಳ ಸುತ್ತ ಒತ್ತುವುದು. ಚುಟಿಗೆ ಹಾಕುವ ಮುದುಕನ ಮನೆಗೆ ಅತ್ತೆ ನನ್ನ ಗಂಡನನ್ನು ಅಟ್ಟಿದಳು. ಆಮೇಲೆ ಪಡಸಾಲೆಯಲ್ಲಿದ್ದ ನೀರಿನ ಕೊಡಕ್ಕೆ ಮುಚ್ಚಳ ಹಾಕಿ, ದನ ಬೆದರಿಸುವ ಬಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಂದೆ ಕೂತಳು.

ನಾನು ತಂಬಿಗೆ ಹಿಡಿದು ಹೋದೆ. ಬಡಿಗೆ ಮೊಣಕೈಗೆ ಬಿತ್ತು, ತಂಬಿಗೆ ಉರುಳಿ ಅಂಗಳಕ್ಕೆ ಹೋಯಿತು. ಮತ್ತೆ ಹೋದೆ. ಈ ಸಲ ಬೆನ್ನಿಗೆ ಬಿತ್ತು. ಕೂಸು ಕೌದಿಯ ಮೇಲೆ ಮಲಗಿ ಕೊಡವನ್ನೇ ನೋಡುತ್ತಿತ್ತು. ಅದಕ್ಕೆ ಬರುತ್ತಿದ್ದ ನಾಲ್ಕು ಮಾತಿನಲ್ಲಿ ‘ನೀರ’ ಅನ್ನುವುದೂ ಒಂದು. ಅದನ್ನು ಹೇಳಿದಾಗಲೆಲ್ಲ ಅತ್ತೆ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದಳು.

ಗಂಡ ಮುದುಕನನ್ನು ಕರೆದುಕೊಂಡು ಬಂದ. ಜಮಖಂಡಿ ಬಸ್ಸು ಹಿಡಿದು ದವಾಖಾನೆಗೆ ಹೋಗೋಣ ಎಂದು ಬೇಡಿಕೊಂಡೆ. ಗಂಡ ಅಂಗಿ ಎತ್ತಿ ತನ್ನ ಹೊಟ್ಟೆ ತೋರಿಸಿದ. ಹೊಕ್ಕುಳ ಸುತ್ತ ಸುಟ್ಟ ಬೊಟ್ಟುಗಳು. ತಾನು ಉಳಿದದ್ದು ಇದರಿಂದಲೇ ಎಂದ. ಅವನಿಗಿಂತ ಮೊದಲು ಹುಟ್ಟಿದ ಇಬ್ಬರು ಅಕ್ಕಂದಿರೂ ಇಂಥ ಬೇಸಿಗೆಯಲ್ಲೇ ಹೋದವರು. ಅವರಿಗೂ ಚುಟಿಗೆ ಆಗಿತ್ತು. ಆ ಮನೆಯಲ್ಲಿ ಅವರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನಾನು ಎತ್ತಿದೆ.

“ಉಳದಾವ್ನ ಹೊಟ್ಟಿ ತೋರಸ್ತೀರಿ. ಸತ್ತಾವರ ಹೊಟ್ಟಿ ಯಾರ ತೋರಸ್ಬೇಕ್ರಿ?”

ಗಂಡ ಕೆನ್ನೆಗೆ ಬಾರಿಸಿದ. ಕಿವಿ ಗುಂಯ್ ಎಂದಿತು. ಮುದುಕ ಅಷ್ಟರಲ್ಲಿ ಕುಳ್ಳಿನ ಕೆಂಡದಲ್ಲಿ ಕಾಯಲಿಟ್ಟಿದ್ದ ಕುಡಗೋಲು ಎತ್ತಿದ; ಗಂಡ ಹಿಂದಿನಿಂದ ನನ್ನನ್ನು ಅವುಚಿ ಹಿಡಿದ. ಅವನ ಮುಂಗೈಗೆ ಹಲ್ಲು ಊರಿದೆ, ಬಾಯಿಗೆ ರಕ್ತದ ರುಚಿ ಬರುವ ತನಕ ಬಿಡಲಿಲ್ಲ. ಅವನು ಕೈ ಸಡಿಲಿಸಿದ ಕೂಡಲೇ ಮುದುಕನ ಕೈಗೆ ಒದ್ದೆ. ಕುಡಗೋಲು ನನ್ನ ಎಡಗಾಲಿನ ಮೇಲೆಯೇ ಬಿತ್ತು. ಚುರ್ ಎಂಬ ಸದ್ದು ಮೊದಲು ಕೇಳಿತು, ಉರಿ ಆಮೇಲೆ ಬಂತು. ಅತ್ತೆ ಬಡಿಗೆ ಎತ್ತಿಕೊಂಡು ನನ್ನ ಮೇಲೆ ಬಂದಳು. ಕೊಡದ ಮುಂದೆ ಈಗ ಯಾರೂ ಇರಲಿಲ್ಲ. ಅವಳನ್ನು ನೂಕಿ ಕೆಡವಿದೆ. ಒಂದು ಕಂಕುಳಲ್ಲಿ ಕೂಸು, ಇನ್ನೊಂದರಲ್ಲಿ ಕೊಡ ಹಿಡಿದು ಅಡುಗೆಮನೆಗೆ ನುಗ್ಗಿ ಅಗಳಿ ಹಾಕಿಕೊಂಡೆ.

ಬಾಗಿಲು ಬಡಿದರು. ಮುರಿಯುತ್ತೇನೆ ಎಂದು ಗಂಡ, ಕೂಸು ಸತ್ತರೆ ನಿನ್ನನ್ನೂ ಅದೇ ಕುಣಿಗೆ ಹಾಕುತ್ತೇನೆ ಎಂದು ಅತ್ತೆ. ನಾನು ನೀರು ಕುದಿಸಿ ತಾಟಿನಲ್ಲಿ ಆರಿಸಿ ಸಕ್ಕರೆ, ಚಿಟಿಕೆ ಉಪ್ಪು ಹಾಕಿದೆ. ಕಣ್ಣೀರಿಗಿಂತ ಉಪ್ಪಾಗಬಾರದು ಎಂದಿದ್ದಳು ನರ್ಸಬಾಯಿ. ಕಣ್ಣೀರು ನನ್ನ ಕೆನ್ನೆಯ ಮೇಲೆ ಬೇಕಾದಷ್ಟಿತ್ತು, ನೆಕ್ಕಿ ನೋಡಿ ಹದ ಹಿಡಿದೆ. ಚಮಚ ಚಮಚವಾಗಿ ಕುಡಿಸಿದೆ. ಕೂಸು ಕಾರಿಕೊಂಡಿತು. ಸ್ವಲ್ಪ ತಡೆದು ಮತ್ತೆ ಕುಡಿಸಿದೆ. ನನಗೆ ಹೆದರಿಕೆ ಆಗಿತ್ತು, ಸುಳ್ಳೇಕೆ ಹೇಳಲಿ. ಅತ್ತೆಯ ಮಾತೇ ಖರೆಯಾದರೆ ಕೊಂದವಳು ನಾನೇ ಆಗುತ್ತಿದ್ದೆ.

ಹೊತ್ತು ಇಳಿಯುವಾಗ ನನ್ನ ಮಡಿಲು ಬೆಚ್ಚಗಾಯಿತು. ಕೂಸು ಉಚ್ಚೆ ಹೊಯ್ದಿತ್ತು. ಆಮೇಲೆ ಅಳತೊಡಗಿತು, ಕಣ್ಣ ತುಂಬ ನೀರು ತಂದುಕೊಂಡು ಅತ್ತಿತು. ಅಗಳಿ ತೆಗೆದೆ.

ಮುದುಕ ಹೋಗಿಬಿಟ್ಟಿದ್ದ. ಗಂಡ ಕೈಗೆ ಅರಿವೆ ಸುತ್ತಿಕೊಂಡು ನಿಂತಿದ್ದ. ಅತ್ತೆ ಹೊಸ್ತಿಲ ಹತ್ತಿರವೇ ಕೂತಿದ್ದಳು. ಕೂಸಿನ ಕಣ್ಣು ಒರೆಸಿ, ಒದ್ದೆಯಾದ ತನ್ನ ಬೆರಳನ್ನು ನೋಡಿಕೊಂಡಳು.

“ನನ್ನ ಹಿರಿಯಾಕಿ ನೀರ, ನೀರ ಅಂತಿದ್ಲು,” ಅಂದಳು. “ನಾ ಕೊಡದ ಮುಂದ ಕುಂತಿದ್ದೆ.”

ಅಂದವಳೇ ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಕೊಳ್ಳತೊಡಗಿದಳು. ರಕ್ತ ಇಳಿಯಿತು. ಹಿಡಿಯಲು ಹೋದ ಮಗನನ್ನೂ ಹೊಡೆದಳು. ಕೊನೆಗೆ ನಾನೇ ಅವಳ ತಲೆಯನ್ನು ಎದೆಗೆ ಅವುಚಿಕೊಂಡೆ. ಅವಳ ಮೇಲಿದ್ದ ಸಿಟ್ಟು ಹೋಗಿರಲಿಲ್ಲ. ಸಂಜೆಯ ಬಸ್ಸಿಗೆ ಎಲ್ಲರೂ ಜಮಖಂಡಿಗೆ ಹೋದೆವು. ಕೂಸಿಗೆ ಸಲೈನ್, ನನ್ನ ಕಾಲಿಗೆ ಮುಲಾಮು, ಅತ್ತೆಯ ಹಣೆಗೆ ಹೊಲಿಗೆ. ಗಂಡನ ಕೈ ನೋಡಿದ ಡಾಕ್ಟರು ನಾಯಿ ಕಚ್ಚಿತೇನು ಎಂದು ಕೇಳಿದರು.

ಮುಂದಿನ ಬೇಸಿಗೆಯಿಂದ ಅತ್ತೆ ಅದೇ ಕೊಡವನ್ನು ಪಕ್ಕಕ್ಕಿಟ್ಟುಕೊಂಡು, ಅದೇ ಬಡಿಗೆ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂರತೊಡಗಿದಳು. ಓಣಿಯ ಯಾವ ಕೂಸೂ ನೀರು ಕುಡಿಯದೆ ಅವಳನ್ನು ದಾಟುವಂತಿರಲಿಲ್ಲ. ನಡು ಮಧ್ಯಾಹ್ನ ಬಿಸಿಲಿಗೆ ಇಳಿದರೆ ಮೀನಖಂಡಕ್ಕೆ ಏಟು. ಹೀಗೆ ಏಟು ತಿಂದ ಒಬ್ಬ ಹುಡುಗಿಯ ತಾಯಿ ಜಗಳಕ್ಕೆ ಬಂದಳು. ಕೂಸು ಹೇಗೆ ಅಳುತ್ತಿದೆ ನೋಡಿ ಎಂದು ಮಗಳನ್ನು ಮುಂದೆ ತಂದು ನಿಲ್ಲಿಸಿದಳು. ಅತ್ತೆ ಹುಡುಗಿಯ ಗದ್ದ ಹಿಡಿದು ಮುಖ ಎತ್ತಿ ನೋಡಿದಳು.

“ಅಳಲಿ ಬಿಡವಾ,” ಅಂದಳು. “ಕಣ್ಣಾಗ ನೀರ ಬರಾಕತ್ತೈತಿ.”